ಅಮೆರಿಕದಲ್ಲಿ ಮಗುವಿನ ಹೆಸರನ್ನು ಸಿನಿಮಾ ಇಡುತ್ತದೆಯೇ?

ಪ್ರಶ್ನೆ: ನಾನು ಶಿವಮೊಗ್ಗದವಳು, ನಿವೃತ್ತ ಶಾಲಾ ಶಿಕ್ಷಕಿ. ನ್ಯೂಜೆರ್ಸಿಯಲ್ಲಿರುವ ಮಗ, ಸೊಸೆ ತಮ್ಮ ಮಗಳಿಗೆ ಆರ್ಯಾ ಎಂದು ಹೆಸರಿಟ್ಟಿದ್ದಾರೆ. ನಮ್ಮ ಅತ್ತೆಯವರ ಹೆಸರು ಆರ್ಯಾಂಬಾ ಎಂದಿತ್ತು, ಅದನ್ನೇ ಚಿಕ್ಕದು ಮಾಡಿಕೊಂಡದ್ದು. ಆದರೆ ಅಲ್ಲಿ ಶಾಲೆಯಲ್ಲಿ, ಮಕ್ಕಳ ಉದ್ಯಾನದಲ್ಲಿ ಸಿಕ್ಕವರೆಲ್ಲ ‘ಗೇಮ್ ಆಫ್ ಥ್ರೋನ್ಸ್ ನೋಡಿ ಇಟ್ಟ ಹೆಸರೇ?’ ಎಂದು ಕೇಳುತ್ತಾರಂತೆ. ಅದೊಂದು ಟಿವಿ ಧಾರಾವಾಹಿ, ಅದರಲ್ಲಿ ಆರ್ಯ ಎಂಬ ಹುಡುಗಿಯ ಪಾತ್ರವಿದೆಯಂತೆ. ಆ ದೇಶದ ಜನ ಹೆತ್ತ ಮಗುವಿನ ಹೆಸರನ್ನೂ ಟಿವಿ, ಸಿನಿಮಾ ನೋಡಿಯೇ ಇಡುತ್ತಾರೆಯೇ? ಜನಪ್ರಿಯ ಸಂಸ್ಕೃತಿಯ ಪ್ರಭಾವ ಮನೆಯೊಳಗೆ ತೊಟ್ಟಿಲವರೆಗೂ ಬರುತ್ತದೆಯೇ?

ಉತ್ತರ: ತೊಟ್ಟಿಲವರೆಗೂ ಬರುತ್ತದೆ. ಆದರೆ ಅದು ಬರುವ ದಾರಿ ನಾವು ಸಾಮಾನ್ಯವಾಗಿ ಊಹಿಸುವುದಕ್ಕಿಂತ ಬೇರೆಯದು. ಜನಪ್ರಿಯ ಸಂಸ್ಕೃತಿ ಅಮೆರಿಕದ ದಿನನಿತ್ಯದ ಬದುಕನ್ನು ಹೇಗೆ ರೂಪಿಸುತ್ತದೆ ಎಂದು ತಿಳಿಯಬೇಕಾದರೆ ಉಡುಪು, ಊಟ, ಸಂಗೀತಗಳಿಗಿಂತ ಮಕ್ಕಳ ಹೆಸರುಗಳೇ ಒಳ್ಳೆಯ ಸಾಕ್ಷ್ಯ ಎಂದು ನಾನು ಬಹುಕಾಲದಿಂದ ನಂಬಿದ್ದೇನೆ. ಏಕೆಂದರೆ ಜೀನ್ಸ್ ಪ್ಯಾಂಟನ್ನಾಗಲಿ ಕಾಫಿಯನ್ನಾಗಲಿ ಮಾರುವ ಕಂಪನಿಗಳಿವೆ, ಅವುಗಳ ಹಿಂದೆ ಜಾಹೀರಾತಿನ ಹಣವಿದೆ, ಆದ್ದರಿಂದ ಒಂದು ಹೊಸ ಚಾಳಿ ಹಬ್ಬಿದಾಗ ಅದು ಜನರ ಅಭಿರುಚಿಯೋ ವ್ಯಾಪಾರದ ಒತ್ತಡವೋ ಎಂದು ಬಿಡಿಸಿ ಹೇಳುವುದು ಕಷ್ಟ. ಹೆಸರನ್ನು ಯಾರೂ ಮಾರುವುದಿಲ್ಲ. ಬಡವನಿಗೂ ಸಿರಿವಂತನಿಗೂ ಅದು ಒಂದೇ ಬೆಲೆಗೆ, ಎಂದರೆ ಬಿಟ್ಟಿಯಾಗಿ, ಸಿಗುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಸ್ಟ್ಯಾನ್ಲಿ ಲೀಬರ್ಸನ್ ತಮ್ಮ ಸಂಶೋಧನೆಗೆ ಹೆಸರುಗಳನ್ನೇ ಆರಿಸಿಕೊಂಡದ್ದು ಈ ಕಾರಣಕ್ಕೆ.

ಈ ಸಾಕ್ಷ್ಯ ನಮ್ಮ ಕೈಗೆ ಸಿಕ್ಕ ಬಗೆಯೂ ಹೇಳುವಂಥದ್ದೇ. ಅಮೆರಿಕದಲ್ಲಿ ಹೆಚ್ಚುಕಡಿಮೆ ಪ್ರತಿ ಮಗುವಿಗೂ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ, ಎಂದರೆ ಸರ್ಕಾರ ಕೊಡುವ ಗುರುತಿನ ಸಂಖ್ಯೆ, ಮಾಡಿಸುತ್ತಾರೆ, ಅದಕ್ಕಾಗಿ ಅರ್ಜಿ ಹಾಕುವಾಗ ಮಗುವಿನ ಹೆಸರು ಸರ್ಕಾರದ ಕಡತ ಸೇರುತ್ತದೆ. ಆ ಇಲಾಖೆಯಲ್ಲಿ ವಿಮಾ ಗಣಿತಜ್ಞರಾಗಿದ್ದ ಮೈಕೆಲ್ ಶಾಕಲ್‌ಫರ್ಡ್ ಎಂಬವರಿಗೆ ಹೋದಲ್ಲೆಲ್ಲ ತಮ್ಮದೇ ಹೆಸರಿನವರು ಸಿಕ್ಕಿ ಬೇಸರವಾಗಿತ್ತು. 1954ರಿಂದ 1998ರವರೆಗೆ, 1960ರ ಒಂದು ವರ್ಷವನ್ನು ಬಿಟ್ಟರೆ, ಗಂಡುಮಕ್ಕಳ ಹೆಸರುಗಳಲ್ಲಿ ಮೈಕೆಲ್‌ನದೇ ಮೊದಲ ಸ್ಥಾನ. ತಮ್ಮ ಮಗುವಿಗೂ ಆ ಪಾಡು ಬರಬಾರದೆಂದು ಅವರು 1997ರಲ್ಲಿ ಕಡತದ ಹೆಸರುಗಳನ್ನು ಎಣಿಸಿ ಪಟ್ಟಿ ಮಾಡಿದರು, ಇಲಾಖೆ ಅದನ್ನು ಅಂತರ್ಜಾಲದಲ್ಲಿ ಪ್ರಕಟಿಸಿತು. ಈಗ 1880ರಿಂದ ಈಚಿನ ಎಲ್ಲ ವರ್ಷಗಳ ಲೆಕ್ಕ ಯಾರು ಬೇಕಾದರೂ ನೋಡುವಂತೆ ಅಲ್ಲಿದೆ. ಒಂದು ವರ್ಷದಲ್ಲಿ ಐದಕ್ಕಿಂತ ಕಡಿಮೆ ಮಕ್ಕಳಿಗೆ ಇಟ್ಟ ಹೆಸರನ್ನು ಮಾತ್ರ ಗುಟ್ಟಾಗಿ ಇಡುತ್ತಾರೆ.

ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ಒಂದು ಹೆಸರಿನ ಕಥೆಯನ್ನು ಹತ್ತಿರದಿಂದ ನೋಡೋಣ. ಜೆನಿಫರ್ ಎಂಬ ಹೆಸರು 1970ರಿಂದ 1984ರವರೆಗೆ, ಹದಿನೈದು ವರ್ಷ ಎಡೆಬಿಡದೆ, ಅಮೆರಿಕದ ಹೆಣ್ಣುಮಕ್ಕಳ ಹೆಸರುಗಳಲ್ಲಿ ಮೊದಲನೆಯದಾಗಿತ್ತು. 1972ರ ಒಂದೇ ವರ್ಷದಲ್ಲಿ 63 ಸಾವಿರಕ್ಕೂ ಹೆಚ್ಚು ಶಿಶುಗಳಿಗೆ ಆ ಹೆಸರು ಬಿತ್ತು. ಏಕೆ ಎಂದು ಯಾರನ್ನು ಕೇಳಿದರೂ ‘ಲವ್ ಸ್ಟೋರಿ’ ಸಿನಿಮಾದ ನಾಯಕಿಯ ಹೆಸರು ಹೇಳುತ್ತಾರೆ. ಆ ಹುಡುಗಿ ಜೆನಿಫರ್, ಚಿಕ್ಕ ವಯಸ್ಸಿನಲ್ಲೇ ಕಾಯಿಲೆಯಿಂದ ತೀರಿಕೊಳ್ಳುತ್ತಾಳೆ, ಇಡೀ ದೇಶ ಚಿತ್ರಮಂದಿರದಲ್ಲಿ ಕೂತು ಅತ್ತಿತ್ತು. ಕಾರಣ ಸಮಂಜಸವಾಗಿಯೇ ಕಾಣುತ್ತದೆ. ಆದರೆ ಸಿನಿಮಾ ಬಿಡುಗಡೆಯಾದದ್ದು 1970ರ ಡಿಸೆಂಬರಿನಲ್ಲಿ. ಆ ವರ್ಷದ ಜೆನಿಫರ್‌ಗಳಲ್ಲಿ ಬಹುಪಾಲು ಮಕ್ಕಳು ಅಷ್ಟು ಹೊತ್ತಿಗೆ ಹುಟ್ಟಿ, ಹೆಸರು ಪಡೆದು, ಕಡತ ಸೇರಿಯಾಗಿತ್ತು. ಹಿಂದಿನ ವರ್ಷಗಳ ಪಟ್ಟಿಯನ್ನು ತೆರೆದರೆ, 1930ರ ದಶಕದ ಕೊನೆಯಿಂದಲೇ ಆ ಹೆಸರು ಮೇಲೇರುತ್ತ ಬಂದದ್ದು ಕಾಣುತ್ತದೆ. 1969ರಲ್ಲಿಯೇ ಅದು ತುದಿಯ ಹತ್ತಿರವಿತ್ತು. ಸಿನಿಮಾದ ಕಥೆ ಬರೆದವರು ತಮ್ಮ ಕಾಲದ ಯುವತಿಗೊಪ್ಪುವ ಹೆಸರು ಯಾವುದೆಂದು ಹುಡುಕಿದಾಗ, ತಂದೆತಾಯಂದಿರ ಕಿವಿಗೆ ಆಗಲೇ ಹಿತವಾಗಿದ್ದ ಅದೇ ಹೆಸರು ಅವರ ಕಿವಿಗೂ ಬಿದ್ದಿತು. ಇಬ್ಬರೂ ಒಂದೇ ಗಾಳಿಯನ್ನು ಉಸಿರಾಡುತ್ತಿದ್ದರು.

ಶರ್ಲಿಯದೂ ಹೀಗೆಯೇ. 1849ರಲ್ಲಿ ಷಾರ್ಲೆಟ್ ಬ್ರಾಂಟೆ ತಮ್ಮ ಕಾದಂಬರಿಯ ನಾಯಕಿಗೆ ಈ ಹೆಸರಿಡುವವರೆಗೂ ಅದು ಗಂಡಸರ ಹೆಸರು. ಬಾಲನಟಿ ಶರ್ಲಿ ಟೆಂಪಲ್ ಮನೆಮಾತಾದ ಮೇಲೆ, 1935ರಲ್ಲಿ, 42 ಸಾವಿರ ಅಮೆರಿಕನ್ ಹೆಣ್ಣುಮಕ್ಕಳಿಗೆ ಶರ್ಲಿ ಎಂದು ಹೆಸರಿಟ್ಟರು. ಆದರೆ ಆ ಬಾಲಕಿ ಹುಟ್ಟಿದ 1928ರ ಹೊತ್ತಿಗೇ ಅದು ಬಹು ಜನಪ್ರಿಯ ಹೆಸರುಗಳಲ್ಲಿ ಒಂದಾಗಿತ್ತು, ಅವಳ ತಂದೆತಾಯಿ ಆರಿಸಿದ್ದೂ ಆಗ ಚಾಲ್ತಿಯಲ್ಲಿದ್ದ ಹೆಸರನ್ನೇ.

ನೀವು ಸೌದೆ ಒಲೆಯ ಮುಂದೆ ಕೂತವರಾದರೆ ಈ ಮಾತು ಬೇಗ ಮನಸ್ಸಿಗೆ ಹತ್ತುತ್ತದೆ. ಬೂದಿಯ ಕೆಳಗೆ ಕೆಂಡವಿದ್ದರೆ ಊದುಗೊಳವೆಯಿಂದ ಎರಡು ಸಲ ಊದಿದರೂ ಉರಿ ಏಳುತ್ತದೆ, ಹಸಿ ಸೌದೆಗೆ ಎಷ್ಟು ಊದಿದರೂ ಹೊಗೆಯೇ. ಸಿನಿಮಾ, ಟಿವಿ, ಹಾಡು ಇವೆಲ್ಲ ಊದುಗೊಳವೆಗಳು. ಉರಿ ಏಳುವುದು ಒಳಗೆ ಕೆಂಡವಿದ್ದಲ್ಲಿ ಮಾತ್ರ. ಈ ಕೆಂಡ ಯಾವುದೆಂದರೆ, ಆ ಕಾಲದ ಜನರ ಕಿವಿಗೆ ಒಗ್ಗಿರುವ ಧ್ವನಿಗಳು, ಯಾವ ಅಕ್ಷರದಿಂದ ಶುರುವಾದರೆ ಹೊಸದೆನ್ನಿಸುತ್ತದೆ, ಯಾವ ಅಕ್ಷರದಿಂದ ಮುಗಿದರೆ ಅಜ್ಜಿಯ ಕಾಲದ್ದೆನ್ನಿಸುತ್ತದೆ ಎಂಬ, ಯಾರೂ ಬಾಯಿಬಿಟ್ಟು ಹೇಳದ ಒಂದು ಒಮ್ಮತ.

ಹಸಿ ಸೌದೆಯ ಉದಾಹರಣೆಯೂ ಬೇಕು. 1977ರ ಜನವರಿಯಲ್ಲಿ ‘ರೂಟ್ಸ್’ ಎಂಬ ಧಾರಾವಾಹಿ ಎಂಟು ರಾತ್ರಿ ಪ್ರಸಾರವಾಯಿತು. ಆಫ್ರಿಕಾದಿಂದ ಹಿಡಿದು ತಂದ ಒಬ್ಬ ಯುವಕನ ವಂಶದ ಕಥೆ ಅದು. ಒಡೆಯರು ಅವನಿಗೆ ಟೋಬಿ ಎಂಬ ಹೊಸ ಹೆಸರು ಕೊಡುತ್ತಾರೆ. ಅವನು ತಾನು ಕುಂಟಾ ಕಿಂಟೆ ಎನ್ನುತ್ತಾನೆ, ಚಾವಟಿಯ ಏಟು ಬೀಳುತ್ತಲೇ ಇರುತ್ತದೆ, ಟೋಬಿ ಎಂದು ಒಪ್ಪಿಕೊಳ್ಳುವವರೆಗೂ ನಿಲ್ಲುವುದಿಲ್ಲ. ಆ ದೃಶ್ಯವನ್ನು ನೋಡಿದವರು ಮರೆಯಲಾರರು. ಅವನ ಮಗಳ ಹೆಸರು ಕಿಜ್ಜಿ. ಅದುವರೆಗೆ ಪಟ್ಟಿಯಲ್ಲಿ ಕಾಣದಿದ್ದ ಆ ಹೆಸರು 1977ರಲ್ಲಿ ಥಟ್ಟನೆ ಮೇಲೆ ಬಂತು, ಎರಡು ಮೂರು ವರ್ಷಗಳಲ್ಲಿ ಮತ್ತೆ ಮರೆಯಾಯಿತು. ಅದರ ಧ್ವನಿಗೆ ಸುತ್ತಮುತ್ತ ಬಂಧುಗಳಿರಲಿಲ್ಲ.

ಆದರೆ ಆ ಧಾರಾವಾಹಿ ಎತ್ತಿದ ಪ್ರಶ್ನೆ, ಎಂದರೆ ನನ್ನ ಹೆಸರನ್ನು ನನಗೆ ಕೊಟ್ಟವರು ಯಾರು ಎಂಬುದು, 1960ರ ದಶಕದ ಕೊನೆಯಿಂದಲೇ ಕಪ್ಪು ಅಮೆರಿಕನ್ನರ ಮನೆಗಳಲ್ಲಿ ಕೆಂಡವಾಗಿತ್ತು. ಬಿಳಿಯರ ಹೆಸರುಗಳನ್ನು ಬಿಟ್ಟು ತಮ್ಮವೇ ಆದ ಹೆಸರುಗಳನ್ನು ಕಟ್ಟಿಕೊಳ್ಳುವ ಆ ಚಳವಳಿ ದೊಡ್ಡದು, ಗೌರವಕ್ಕೆ ಅರ್ಹವಾದದ್ದು, ಅದಕ್ಕೆ ತೆತ್ತ ಬೆಲೆಯೂ ದೊಡ್ಡದೇ. ಬರ್ಟ್ರಾಂಡ್ ಮತ್ತು ಮುಲ್ಲೈನಾಥನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಬಾಸ್ಟನ್, ಷಿಕಾಗೊ ನಗರಗಳಲ್ಲಿ ಉದ್ಯೋಗದ ಜಾಹೀರಾತುಗಳಿಗೆ ಸುಮಾರು 5,000 ಕಲ್ಪಿತ ಅರ್ಜಿಗಳನ್ನು ಕಳಿಸಿ, 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಜಿಗಳ ಅರ್ಹತೆಗಳಲ್ಲಿ ಭೇದವಿರಲಿಲ್ಲ, ಹೆಸರುಗಳಲ್ಲಿ ಮಾತ್ರ ಇತ್ತು. ಎಮಿಲಿ, ಗ್ರೆಗ್‌ರಂಥ ಬಿಳಿಯರ ಹೆಸರಿನವರಿಗೆ ಸುಮಾರು ಹತ್ತು ಅರ್ಜಿಗೆ ಒಂದು ಕರೆ ಬಂದರೆ, ಲಕೀಷಾ, ಜಮಾಲ್‌ರಂಥ ಹೆಸರಿನವರು ಹದಿನೈದು ಅರ್ಜಿ ಕಳಿಸಬೇಕಾಯಿತು. ಹೆಸರಿನ ಫ್ಯಾಷನ್ ಎಂದರೆ ಬರೀ ಚೆಂದದ ಮಾತು ಎಂದುಕೊಳ್ಳುವವರಿಗೆ ನಾನು ಈ ಲೆಕ್ಕವನ್ನು ತಪ್ಪದೆ ಹೇಳುತ್ತೇನೆ. ತೊಟ್ಟಿಲಲ್ಲಿ ಇಟ್ಟ ಹೆಸರು ಇಪ್ಪತ್ತೈದು ವರ್ಷ ಕಳೆದು ಯಾರದೋ ಕಚೇರಿಯ ಮೇಜಿನ ಮೇಲೆ ತೂಗುತ್ತದೆ.

ನನ್ನ ಕೆಂಡದ ವಾದಕ್ಕೆ ಎದುರು ನಿಲ್ಲುವಂತೆ ಕಾಣುವ ಒಂದು ಹೆಸರೂ ಇದೆ, ಅದನ್ನು ಮುಚ್ಚಿಡಬಾರದು. ಸ್ವರ್ಗ ಎಂಬರ್ಥದ ‘ಹೆವೆನ್’ ಪದದ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದಾಗಿ ಬರೆದರೆ ‘ನೆವೇಯಾ’ ಆಗುತ್ತದೆ. 1999ರಲ್ಲಿ ಇಡೀ ಅಮೆರಿಕದಲ್ಲಿ ಈ ಹೆಸರು ಪಡೆದವರು ಎಂಟು ಮಕ್ಕಳು. 2000ದಲ್ಲಿ ಸೋನಿ ಸ್ಯಾಂಡೊವಲ್ ಎಂಬ ರಾಕ್ ಗಾಯಕ ಎಂಟಿವಿ ಕಾರ್ಯಕ್ರಮವೊಂದರಲ್ಲಿ ತನ್ನ ಹಸುಗೂಸನ್ನು ತೋರಿಸಿ, ಈ ಹೆಸರಿನ ಗುಟ್ಟನ್ನು ಹೇಳಿದ. 2001ರಲ್ಲಿ ಸಾವಿರಕ್ಕೂ ಹೆಚ್ಚು, 2005ರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ನೆವೇಯಾಗಳು ಹುಟ್ಟಿದರು. ಇಲ್ಲಿ ಟಿವಿಯೇ ಬೀಜ ಬಿತ್ತಿತು ಎಂಬುದನ್ನು ನಾನು ಒಪ್ಪುತ್ತೇನೆ. ಆದರೂ ನೆಲ ಹದವಾಗಿತ್ತು. ನಡುವೆ ದೀರ್ಘವಾದ ‘ಏ’, ಕೊನೆಯಲ್ಲಿ ‘ಆ’ ಇರುವ ಮಕೇಲಾ, ಕೇಲಾ ಮುಂತಾದ ಹೆಸರುಗಳು ಆಗಲೇ ಶಾಲೆಗಳಲ್ಲಿ ತುಂಬಿದ್ದವು. ದೈವಭಕ್ತಿಯೂ ಹೊಸತನವೂ ಒಂದೇ ಪದದಲ್ಲಿ ಸಿಕ್ಕಿದ್ದು ಬಹಳ ತಾಯಂದಿರಿಗೆ ಮೆಚ್ಚಾಯಿತು.

ಸಿನಿಮಾದಿಂದ ಹೊರಟ ಹೆಸರು ಮನೆಮನೆಗೆ ತಲುಪುವುದಕ್ಕೆ ಹಿಡಿಯುವ ಕಾಲವನ್ನೂ ಗಮನಿಸಬೇಕು. 1984ರ ‘ಸ್ಪ್ಲ್ಯಾಷ್’ ಸಿನಿಮಾದಲ್ಲಿ ನ್ಯೂಯಾರ್ಕಿಗೆ ಬಂದ ಮತ್ಸ್ಯಕನ್ಯೆಯೊಬ್ಬಳು ಬೀದಿಯ ಫಲಕದಲ್ಲಿ ಮ್ಯಾಡಿಸನ್ ಅವೆನ್ಯೂ ಎಂದಿರುವುದನ್ನು ನೋಡಿ ಅದನ್ನೇ ತನ್ನ ಹೆಸರಾಗಿ ಆರಿಸಿಕೊಳ್ಳುತ್ತಾಳೆ. ಅದು ಹೆಸರೇ ಅಲ್ಲ ಎಂದು ನಾಯಕ ಹೇಳುತ್ತಾನೆ, ಅಂದಿನ ಪ್ರೇಕ್ಷಕರು ಅದಕ್ಕೆ ನಕ್ಕರು. 1985ರಲ್ಲಿ ಆ ಹೆಸರು ಹೆಣ್ಣುಮಕ್ಕಳ ಮೊದಲ ಸಾವಿರದ ಪಟ್ಟಿಗೆ ಬಂತು. 2001, 2002ರಲ್ಲಿ ಎರಡನೆಯ ಸ್ಥಾನಕ್ಕೇರಿತು. ನಡುವೆ ಹದಿನಾರು ವರ್ಷ! 2001ರಲ್ಲಿ ಮಗಳಿಗೆ ಮ್ಯಾಡಿಸನ್ ಎಂದು ಹೆಸರಿಟ್ಟ ತಾಯಿಗೆ ಮತ್ಸ್ಯಕನ್ಯೆಯ ನೆನಪೂ ಇದ್ದಿರಲಾರದು. ಅವಳು ಆ ಹೆಸರನ್ನು ಕೇಳಿದ್ದು ಪಕ್ಕದ ಮನೆಯಲ್ಲಿ, ಶಿಶುವಿಹಾರದ ಬಾಗಿಲಲ್ಲಿ, ತನ್ನ ಗೆಳತಿಯ ಬಾಯಲ್ಲಿ. ಪರದೆಯಿಂದ ಹೆಸರು ಬರುವುದು ಕೆಲವು ತೊಟ್ಟಿಲುಗಳಿಗೆ ಮಾತ್ರ, ಉಳಿದ ದೂರವನ್ನೆಲ್ಲ ಅದು ಬಾಯಿಂದ ಬಾಯಿಗೆ ನಡೆದೇ ಹೋಗುತ್ತದೆ. ಇದಕ್ಕೆ ವಿರುದ್ಧವಾಗಿ, ಪಾತ್ರ ತೀರಾ ದೊಡ್ಡದಾದರೆ ಹೆಸರಿಗೇ ಕೇಡು. ‘ಫ್ರೋಜನ್’ ಚಿತ್ರದ ಎಲ್ಸಾ 2014ರಲ್ಲಿ ಒಂದು ವರ್ಷ ಮೇಲೇರಿ, ಮರುವರ್ಷವೇ ಇಳಿದಳು. ಅಂಗಡಿಯ ಗೊಂಬೆ, ಲಂಚ್ ಬಾಕ್ಸ್, ಹುಟ್ಟುಹಬ್ಬದ ಕೇಕು ಎಲ್ಲದರ ಮೇಲೂ ಇರುವ ಹೆಸರನ್ನು ಮಗಳಿಗೆ ಇಡಲು ತಾಯಂದಿರು ಹಿಂಜರಿದರು.

ನಾನು 2010ರ ಸುಮಾರಿಗೆ ಅಮೆರಿಕದ ಮಧ್ಯಪಶ್ಚಿಮದ ವಿಶ್ವವಿದ್ಯಾಲಯವೊಂದರಲ್ಲಿ ಪಾಠ ಮಾಡಿದೆ. ಮೊದಲ ದಿನ ಹಾಜರಿ ಕರೆಯಲು ನಿಂತಾಗ ಒಂದೇ ತರಗತಿಯಲ್ಲಿ ಮೂವರು ಆಶ್ಲಿಯರು, ಇಬ್ಬರು ಜೆಸಿಕಾಗಳು. ಆಶ್ಲಿ ಎಂದು ಕರೆದ ಕೂಡಲೇ ಮೂರು ಕೈಗಳು ಒಟ್ಟಿಗೆ ಎದ್ದವು. ಅವರಲ್ಲೊಬ್ಬಳು ಸಂಕೋಚವಿಲ್ಲದೆ, ‘ನಾನು ಆಶ್ಲಿ ಎಂ., ಒಂದನೇ ತರಗತಿಯಿಂದಲೂ ಹೀಗೆಯೇ’ ಎಂದಳು. ಸಹಪಾಠಿಗಳ ನಡುವೆ ಅವಳ ಹೆಸರಿನ ಕೊನೆಯ ಭಾಗ ಆ ಒಂದು ಅಕ್ಷರವೇ ಆಗಿಬಿಟ್ಟಿತ್ತು. 1991 ಮತ್ತು 1992ರಲ್ಲಿ ಆಶ್ಲಿ ಮೊದಲ ಸ್ಥಾನದಲ್ಲಿತ್ತು, ಆಗ ಹುಟ್ಟಿದ ಮಕ್ಕಳೇ ನನ್ನ ಮುಂದೆ ಕೂತಿದ್ದರು. ಹೀಗೆ ಅಮೆರಿಕದಲ್ಲಿ ಹೆಸರು ಕೇಳಿ ವಯಸ್ಸು ಊಹಿಸಬಹುದು. ಲಿಂಡಾ ಎಂದರೆ ಅಜ್ಜಿ. 1947ರಲ್ಲಿ ‘ಲಿಂಡಾ’ ಎಂಬ ಒಂದು ಪ್ರೇಮಗೀತೆ ರೇಡಿಯೊದಲ್ಲಿ ಹಾಡಾಡಿ ಹಬ್ಬಿದಾಗ 99 ಸಾವಿರಕ್ಕೂ ಹೆಚ್ಚು ಲಿಂಡಾಗಳು ಹುಟ್ಟಿದ್ದರು. ಜೆನಿಫರ್ ಎಂದರೆ ಈಗ ನಡುವಯಸ್ಸಿನ ತಾಯಿ.

ಆದರೆ ಈ ಗುಂಪುಗೂಡುವಿಕೆ ಈಗ ಬಹಳ ಕಡಿಮೆಯಾಗಿದೆ, ಇದು ಕಳೆದ ಅರ್ಧ ಶತಮಾನದ ಅತಿ ದೊಡ್ಡ ಬದಲಾವಣೆ ಎಂಬುದು ನನ್ನ ಅಭಿಪ್ರಾಯ. 1950ರಲ್ಲೂ 2022ರಲ್ಲೂ ಅಮೆರಿಕದಲ್ಲಿ ಹುಟ್ಟಿದ ಮಕ್ಕಳ ಸಂಖ್ಯೆ ಹೆಚ್ಚುಕಡಿಮೆ ಒಂದೇ, 36 ಲಕ್ಷದ ಆಸುಪಾಸು. 1950ರಲ್ಲಿ ಮೊದಲ ಸ್ಥಾನದ ಜೇಮ್ಸ್ ಎಂಬ ಹೆಸರು 86 ಸಾವಿರ ಗಂಡುಮಕ್ಕಳಿಗೆ ಬಿದ್ದಿತ್ತು, 2022ರಲ್ಲಿ ಮೊದಲ ಸ್ಥಾನದ ಲಿಯಮ್ 20 ಸಾವಿರ ಚಿಲ್ಲರೆ ಮಕ್ಕಳಿಗಷ್ಟೆ. ಮೂರೇ ಟಿವಿ ವಾಹಿನಿಗಳನ್ನು ಇಡೀ ದೇಶ ನೋಡುತ್ತಿದ್ದ ಕಾಲ ಹೋಗಿ, ಒಂದೇ ಮನೆಯ ನಾಲ್ಕು ಜನ ನಾಲ್ಕು ಪರದೆಗಳನ್ನು ನೋಡುವ ಕಾಲ ಬಂದದ್ದು ಇದಕ್ಕೆ ಒಂದು ಕಾರಣ. ಇನ್ನೊಂದು ಕಾರಣ ಶಾಕಲ್‌ಫರ್ಡ್ ಅವರ ಪಟ್ಟಿಯೇ. ಬಸುರಿಯಾದ ಕೂಡಲೇ ದಂಪತಿಗಳು ಆ ಪಟ್ಟಿಯನ್ನು ತೆರೆದು, ತಮಗೆ ಮೆಚ್ಚಾದ ಹೆಸರು ಎಷ್ಟನೆಯ ಸ್ಥಾನದಲ್ಲಿದೆ ಎಂದು ನೋಡುತ್ತಾರೆ, ಹತ್ತರೊಳಗಿದ್ದರೆ ಕೈಬಿಡುತ್ತಾರೆ. ಎಲ್ಲರಂತೆ ಇರಬಾರದೆಂಬ ಆಸೆಯೇ ಎಲ್ಲರ ಆಸೆಯಾದಾಗ ಏನಾಗುತ್ತದೆ ಎಂಬುದಕ್ಕೂ ಪಟ್ಟಿಯಲ್ಲಿ ಉತ್ತರವಿದೆ. ಏಡನ್, ಜೇಡನ್, ಬ್ರೇಡನ್, ಕೇಡನ್, ಹೇಡನ್ ಎಂದು ಪ್ರತಿ ಮನೆಯವರೂ ಬೇರೆ ಬೇರೆ ಹೆಸರನ್ನೇ ಹುಡುಕಿದರು, ಹಾಗಿದ್ದೂ 2010ರ ಸುಮಾರಿಗೆ ಹುಟ್ಟಿದ ಗಂಡುಮಕ್ಕಳಲ್ಲಿ ಮೂರರಲ್ಲೊಬ್ಬನ ಹೆಸರು ‘ನ್’ ಎಂದೇ ಮುಗಿಯುತ್ತಿತ್ತು. ಜೇಮ್ಸ್‌ಗಳ ಕಾಲದಲ್ಲಿ ಹೆಸರು ಒಂದೇ ಆಗಿತ್ತು, ಈಗ ಪ್ರಾಸ ಒಂದೇ ಆಗಿದೆ.

ವ್ಯಾಪಾರ ಹೆಸರಿಗೆ ಬರುವುದಿಲ್ಲ ಎಂದು ಆರಂಭದಲ್ಲಿ ಹೇಳಿದೆನಲ್ಲ, ಈಚೆಗೆ ಅದು ಬೇರೆ ಬಾಗಿಲಿನಿಂದ ಬಂದಿದೆ. ಅಲೆಕ್ಸಾ ಎಂಬುದು ಅಮೆರಿಕದಲ್ಲಿ ಹೆಣ್ಣುಮಕ್ಕಳಿಗೆ ಪ್ರೀತಿಯಿಂದ ಇಡುತ್ತಿದ್ದ ಹೆಸರು. 2014ರ ಕೊನೆಯಲ್ಲಿ ಅಮೆಜಾನ್ ಕಂಪನಿ ತನ್ನ ಮಾತಾಡುವ ಯಂತ್ರಕ್ಕೆ ಅದೇ ಹೆಸರಿಟ್ಟಿತು. 2015ರಲ್ಲಿ ಆರು ಸಾವಿರ ಶಿಶುಗಳಿಗೆ ಇಟ್ಟ ಆ ಹೆಸರು ಐದಾರು ವರ್ಷಗಳಲ್ಲಿ ಮೊದಲ ನೂರರ ಪಟ್ಟಿಯಿಂದ ಬಹಳ ಕೆಳಗೆ ಬಿತ್ತು. ಆ ಹೆಸರಿನ ಎಂಟು ವರ್ಷದ ಹುಡುಗಿಯೊಬ್ಬಳನ್ನು ನಾನು ಪರಿಚಯಸ್ಥರ ಮನೆಯಲ್ಲಿ ಕಂಡೆ. ಅವಳ ತಾಯಿ ‘ಅಲೆಕ್ಸಾ, ದೀಪ ಆರಿಸಿ ಬಾ’ ಎಂದಾಗ ಅಲ್ಲಿದ್ದ ಮಕ್ಕಳೆಲ್ಲ ನಕ್ಕರು, ಹುಡುಗಿ ಮಾತಿಲ್ಲದೆ ಎದ್ದು ಒಳಗೆ ಹೋದಳು. ತಾನು ಕರೆಯಿಸಿಕೊಳ್ಳುವ ಹೆಸರು ಇಡೀ ದೇಶ ಆಜ್ಞೆ ಕೊಡುವ ಹೆಸರಾದರೆ ಆ ಮಗುವಿಗೆ ಹೇಗನ್ನಿಸಬೇಡ? ಯಂತ್ರವನ್ನು ಎಚ್ಚರಿಸುವ ಪದವನ್ನು ಬದಲಿಸಿಕೊಳ್ಳಲು ಅವಕಾಶವಿದೆ. ಎಂಟು ವರ್ಷ ಕಳೆದ ಮಗುವಿಗೆ ಅದು ಅಷ್ಟು ಸುಲಭವಲ್ಲ. ಮನುಷ್ಯರ ಹೆಸರುಗಳನ್ನು ಯಂತ್ರಗಳಿಗೆ ಇಡಬಾರದೆಂದು ನಾನು ಅಂದಿನಿಂದ ಖಚಿತವಾಗಿ ನಂಬಿದ್ದೇನೆ.

ಇದೆಲ್ಲ ಅಮೆರಿಕದಲ್ಲಿ ಇಷ್ಟು ಜೋರಾಗಿ ನಡೆಯಲು ಅಲ್ಲಿಯ ಕಾನೂನಿನ ಸಡಿಲಿಕೆಯೂ ಕಾರಣ. ಐಸ್‌ಲ್ಯಾಂಡಿನಲ್ಲಿ ಹೊಸ ಹೆಸರುಗಳನ್ನು ಪರಿಶೀಲಿಸುವ ಸಮಿತಿಯೇ ಇದೆ. ಅಮೆರಿಕದ ರಾಜ್ಯಗಳು ಅಕ್ಷರಗಳ ವಿಷಯದಲ್ಲಿ ಒಂದಿಷ್ಟು ನಿಯಮ ಮಾಡಿರುವುದನ್ನು ಬಿಟ್ಟರೆ ಹೆಚ್ಚಿನ ತಡೆಯಿಲ್ಲ. ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿನ ಹಳೆಯ ಮನೆತನಗಳಲ್ಲಿ ಬೈಬಲ್ಲಿನ ಹೆಸರು, ತಂದೆತಾಯಿಯ ಹೆಸರು ಇಡುವ ರೂಢಿ ಗಟ್ಟಿಯಾಗಿತ್ತು, ಅದು ಹತ್ತೊಂಬತ್ತನೆಯ ಶತಮಾನದಲ್ಲಿ ಸಡಿಲವಾಯಿತು. ನಮ್ಮಲ್ಲಿ ನಕ್ಷತ್ರದ ಅಕ್ಷರ, ಮನೆದೇವರು, ಅಜ್ಜ ಅಜ್ಜಿ ಎಂದು ಹೆಸರಿಗೆ ನಾಲ್ಕು ಕಡೆಯಿಂದ ಹಗ್ಗವಿರುತ್ತದೆ. ಅಲ್ಲಿ ಆ ಹಗ್ಗಗಳು ಒಂದೊಂದಾಗಿ ಬಿಚ್ಚಿದಾಗ ಗಾಳಿ ಬೀಸಿದತ್ತ ಹೆಸರು ತಿರುಗುವುದು ಸಹಜವೇ.

ಈಗ ನಿಮ್ಮ ಮೊಮ್ಮಗಳ ಹೆಸರಿಗೆ ಬರುತ್ತೇನೆ. ‘ಗೇಮ್ ಆಫ್ ಥ್ರೋನ್ಸ್’ ಪ್ರಸಾರ ಶುರುವಾದದ್ದು 2011ರಲ್ಲಿ. ಅದಕ್ಕೆ ಮುಂಚೆಯೇ, 2010ರಲ್ಲಿ, ಆರ್ಯ ಎಂಬ ಹೆಸರು ಹೆಣ್ಣುಮಕ್ಕಳ ಮೊದಲ ಸಾವಿರದ ಪಟ್ಟಿಯ ತುದಿಯಲ್ಲಿ ಬಂದು ನಿಂತಿತ್ತು. ಅದರಲ್ಲಿ ಭಾರತೀಯ ಮನೆಗಳ ಪಾಲೂ ಇತ್ತು, ಏರಿಯಾ, ಆರಿಯಾ ಎಂದು ಉಚ್ಚರಿಸುವ ಇಟಾಲಿಯನ್ ಮೂಲದ ಇನ್ನೊಂದು ಹೆಸರೂ ಜೊತೆಜೊತೆಗೆ ಏರುತ್ತಿತ್ತು. ಕೆಂಡವಿತ್ತು, ಧಾರಾವಾಹಿ ಊದಿತು. 2018ರಲ್ಲಿ ಎರಡೂವರೆ ಸಾವಿರ ಹೆಣ್ಣುಶಿಶುಗಳಿಗೆ ಆ ಹೆಸರು ಬಿದ್ದು, ಅದು 119ನೆಯ ಸ್ಥಾನದಲ್ಲಿತ್ತು. ಅದೇ ಕಥೆಯಲ್ಲಿ ರಾಣಿಗೆ ಸಲ್ಲುವ ಬಿರುದಾದ ಖಲೀಸಿಯನ್ನೂ ಆ ವರ್ಷ ಐನೂರಕ್ಕೂ ಹೆಚ್ಚು ತಂದೆತಾಯಂದಿರು ಹೆಸರಾಗಿ ಇಟ್ಟರು. ಮರುವರ್ಷ ಕಥೆಯ ಕೊನೆಯಲ್ಲಿ ಆ ರಾಣಿ ಒಂದು ಇಡೀ ನಗರವನ್ನು ಸುಟ್ಟುಹಾಕಿದಳು. ಕಥೆ ಮುಗಿಯುವ ಮುನ್ನ ಪಾತ್ರದ ಹೆಸರಿಡುವುದರ ಅಪಾಯ ಅದು. ನಿಮ್ಮ ಮನೆಯ ಆರ್ಯಾಳಿಗೆ ಆ ಅಪಾಯವಿಲ್ಲ, ಅವಳ ಹೆಸರಿನ ಹಿಂದಿರುವುದು ನಿಮ್ಮ ಅತ್ತೆಯವರು.

ಆದ್ದರಿಂದ ಜನ ಕೇಳುವ ಪ್ರಶ್ನೆಗೆ ನೊಂದುಕೊಳ್ಳಬೇಡಿ. ಅಲ್ಲಿ ಹಾಗೆ ಕೇಳುವುದು ಒಂದು ಬಗೆಯ ಕುಶಲೋಪರಿ, ಮಾತು ಬೆಳೆಸುವುದಕ್ಕೆ ಅವರು ಹಿಡಿಯುವ ಎಳೆ. ನನ್ನ ತರಗತಿಗೆ ಬರುತ್ತಿದ್ದ ಕನ್ನಡದ ಹುಡುಗ ಹುಡುಗಿಯರು ಕಾಫಿ ಅಂಗಡಿಯಲ್ಲಿ ಲೋಟದ ಮೇಲೆ ಬರೆಸಲು ಬೇರೆಯೇ ಒಂದು ಹೆಸರು ಇಟ್ಟುಕೊಂಡಿದ್ದರು. ಸಂತೋಷ ಅಲ್ಲಿ ಸ್ಯಾಮ್ ಆಗುತ್ತಿದ್ದ, ಮೈಥಿಲಿ ಮಾಯಾ ಆಗುತ್ತಿದ್ದಳು. ಪ್ರತಿ ಸಲ ಕಾಗುಣಿತ ಹೇಳಿ ಹೇಳಿ ದಣಿದು ಕಂಡುಕೊಂಡ ಉಪಾಯ ಅದು, ಅದನ್ನು ಕೇಳುವಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ಶಾಲೆಯ ಮೊದಲ ದಿನ ಹೊಸ ಅಧ್ಯಾಪಕಿ ಹಾಜರಿ ಕರೆಯುತ್ತ ಭಾರತೀಯ ಮಗುವಿನ ಹೆಸರಿನ ಹತ್ತಿರ ಬಂದು, ಒಂದು ಕ್ಷಣ ತಡೆದು, ತಪ್ಪಾದರೆ ಕ್ಷಮಿಸು ಎಂದು ಮುಂಚಿತವಾಗಿಯೇ ಹೇಳಿಬಿಡುವ ಆ ಮೌನ ನಮ್ಮ ಮಕ್ಕಳಿಗೆಲ್ಲ ಗೊತ್ತು. ಆ ಧಾರಾವಾಹಿ ಎಂಟು ವರ್ಷ ಮನೆಮನೆಯಲ್ಲಿ ಓಡಿದ್ದರಿಂದ ನಿಮ್ಮ ಮೊಮ್ಮಗಳ ಹೆಸರಿನ ಮುಂದೆ ಅವರು ತಡೆಯುವುದಿಲ್ಲ. ‘ಆರ್ಯ’ ಎಂದು ನೇರವಾಗಿ, ಹೆಚ್ಚುಕಡಿಮೆ ನೀವು ಕರೆಯುವಂತೆಯೇ, ಕರೆಯುತ್ತಾರೆ. ಕೊನೆಯ ದೀರ್ಘವನ್ನು ಮಾತ್ರ ನೀವು ಕಲಿಸಿಕೊಡಬೇಕು, ಆರ್ಯಾಂಬಾ ಅವರ ಕಥೆ ಹೇಳುವಾಗ.